ಎರಡೂವರೆ ಗಳಿಗೆ

ಫ್ಲಿಕ್-ಆನ್-ಫ್ಲಾಕ್, ಮಾರಿಷಸ್
೩ ಸೆಪ್ಟೆಂಬರ್ ೨೦೦೮

ಅಣ್ಣನಿಗೆ ನಮಸ್ಕಾರ.

ಮುಂದಿನ ವಿರೋಧಿ ಸಂವತ್ಸರದ ಪಂಚಾಂಗಕ್ಕೆ ಚೈತ್ರದಿಂದ ಆಶ್ವಯುಜದವರೆಗಿನ ಗಣಿತ ಮುಗಿಯಿತು. ನಿನ್ನೆ ಇ-ಮೇಲಿನಲ್ಲಿ ಕಳಿಸಿದ್ದೇನೆ. ತನ್ಮಯಿ ಹಾಸನಕ್ಕೆ ಕಾಲೇಜಿಗೆ ಹೋದಾಗ ಪ್ರಿಂಟ್ ತೆಗೆಸಿಕೊಂಡು ಬರಲಿ. ಅವಳ ಕೈಯಿಂದ ಇಸಕೊಂಡ ಮೇಲೆ ದಯವಿಟ್ಟು ಅದರ ಮೇಲೆ ಕಾಫಿ ಲೋಟ ಇಡಬೇಡ. ಹೋದ ವರ್ಷ ವೈಶಾಖದ ಹುಣ್ಣಿಮೆಯ ಮೇಲೆ ನಿನ್ನ ಲೋಟದ ಗುರುತು ಬಿದ್ದು, ಪ್ರೆಸ್ಸಿನ ಲಕ್ಕಯ್ಯ ಅದನ್ನು ಗ್ರಹಣ ಅಂದುಕೊಂಡಿದ್ದರಂತೆ. ಅತ್ತಿಗೆ ಹೇಳಿದರು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದ ತಲುಪಲು ಹನ್ನೆರಡು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಬರೆದವರ ಸಿಟ್ಟು ಇಳಿದಿರುತ್ತದೆ.

ಮುರಳಿ ತೀರಿಹೋಗಿ ಎರಡು ವರ್ಷವಾಯಿತು, ಇನ್ನೂ ಅಲ್ಲಿ ಒಬ್ಬಳೇ ಏನು ಮಾಡುತ್ತೀ ಎಂದು ನೀನು ಕೇಳಿದ್ದೆ. ಏನು ಮಾಡುತ್ತೇನೋ ಹೇಳುತ್ತೇನೆ. ಬೆಳಿಗ್ಗೆ ಐದಕ್ಕೆ ನಾಯಿ ಬಂದು ಮಂಚದ ಪಕ್ಕ ನಿಂತು ನನ್ನ ಮುಖದ ಮೇಲೆ ಉಸಿರು ಬಿಡುತ್ತದೆ. ಅದರ ಹೆಸರು ರಾಹು. ಮುರಳಿಯೇ ಇಟ್ಟದ್ದು, ಮರಿಯಾಗಿದ್ದಾಗ ಸಿಕ್ಕಿದ್ದನ್ನೆಲ್ಲ ನುಂಗುತ್ತಿತ್ತು. ಇಬ್ಬರೂ ಸಮುದ್ರದ ದಂಡೆಯ ಗಾಳಿಮರಗಳ ಕೆಳಗೆ ಒಂದು ಸುತ್ತು ಹೋಗಿ ಬರುತ್ತೇವೆ. ಆಮೇಲೆ ಸ್ನಾನ, ಕಾಫಿ. ಜಗುಲಿಯಲ್ಲಿ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಮೇಜಿನ ಕೆಳಗೆ ರಾಹು. ಇಷ್ಟೇ ನನ್ನ ಆಫೀಸು. ಮಧ್ಯಾಹ್ನದವರೆಗೆ ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಶಾಲೆಯ ಗಣಿತ ಪುಸ್ತಕದ ಉತ್ತರಗಳನ್ನು ತಿದ್ದಿ ಕಳಿಸುತ್ತೇನೆ. ಅವರು ನನ್ನ ಮುಖ ನೋಡಿಲ್ಲ, ನಾನು ಅವರದನ್ನು ನೋಡಿಲ್ಲ, ಹಾಗಾಗಿ ಸಂಬಂಧ ಚೆನ್ನಾಗಿದೆ. ಮಧ್ಯಾಹ್ನದ ಮೇಲೆ ನಮ್ಮ ಪಂಚಾಂಗ. ಸಂಜೆ ಸೂರ್ಯ ನೇರವಾಗಿ ನಮ್ಮ ಎದುರಿಗೇ ಸಮುದ್ರಕ್ಕೆ ಇಳಿಯುತ್ತಾನೆ. ನಾನು ಕೈಗಡಿಯಾರ ಹಿಡಿದು ಅಸ್ತದ ಸಮಯ ಸರಿಯಾಯಿತೇ ಎಂದು ನೋಡುತ್ತೇನೆ. ಪಕ್ಕದಲ್ಲಿ ಜನ ಫೋಟೋ ತೆಗೆದುಕೊಳ್ಳುತ್ತಿರುತ್ತಾರೆ.

ಊರಿಗೆ ಬಂದುಬಿಡು ಅನ್ನುತ್ತೀ. ರಾಹುಗೆ ಹನ್ನೊಂದು ವರ್ಷ, ವಿಮಾನದಲ್ಲಿ ತರುವ ಹಾಗಿಲ್ಲ, ಬಿಟ್ಟು ಬರುವ ಹಾಗೂ ಇಲ್ಲ. ಸದ್ಯಕ್ಕೆ ಇದೇ ಉತ್ತರ.

ಈಗ ಮುಖ್ಯ ವಿಷಯ. ಅಪ್ಪನ ಕಣ್ಣಿಗೆ ಪೊರೆ ಬಂದಾಗಿನಿಂದ, ಅಂದರೆ ಹನ್ನೆರಡು ವರ್ಷದಿಂದ, ಪಂಚಾಂಗದ ಗಣಿತ ನಾನು ಮಾಡುತ್ತಿದ್ದೇನೆ. ಮುಖಪುಟದಲ್ಲಿ ಮೊದಲು ಅಪ್ಪನ ಹೆಸರು ಬಂತು, ಅಪ್ಪ ಹೋದ ಮೇಲೆ ನಿನ್ನದು ಬಂತು. ನಾನು ಕೇಳಲಿಲ್ಲ. ಈ ವರ್ಷ ಕೇಳುತ್ತಿದ್ದೇನೆ. ಮುಖಪುಟ ಬೇಡ, ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಗಣಿತ: ವಸಂತ’ ಎಂದಿದ್ದರೆ ಸಾಕು. ಸಮುದ್ರದ ಪಕ್ಕ ಕೂತು ಹೊಳೆನರಸೀಪುರದ ಸೂರ್ಯೋದಯ ಲೆಕ್ಕ ಹಾಕುವವಳು ಒಬ್ಬಳಿದ್ದಾಳೆ ಎಂದು ನಾಲ್ಕು ಜನಕ್ಕೆ ತಿಳಿಯಲಿ ಎಂಬ ಆಸೆ. ಆಸೆ ಅಂದೆ, ಹಕ್ಕು ಅನ್ನಲಿಲ್ಲ, ಗಮನಿಸು.

ಅತ್ತಿಗೆಗೂ ಮಗಳು ತನ್ಮಯಿಗೂ ನೆನಪು ತಿಳಿಸು.

ನಿನ್ನ ತಂಗಿ
ವಸಂತ


ಹೊಳೆನರಸೀಪುರ
೨೮ ಸೆಪ್ಟೆಂಬರ್ ೨೦೦೮

ವಸಂತಾ,

ಕಾಗದ ತಲುಪಿತು, ಗಣಿತವೂ ತಲುಪಿತು. ಲೋಟ ದೂರವೇ ಇಟ್ಟಿದ್ದೇನೆ, ನಿನ್ನ ಅತ್ತಿಗೆ ಹಂಸ ಕಾವಲಿದ್ದಾಳೆ.

ನಾಯಿಗೆ ಗ್ರಹದ ಹೆಸರು ಇಟ್ಟದ್ದು ನನಗೇನೂ ಸರಿ ಕಾಣಲಿಲ್ಲ. ಭಾವ ಅರಕಲಗೂಡಿನವರು, ಆ ಕಡೆಯವರಿಗೆ ಎಲ್ಲದರಲ್ಲೂ ತಮಾಷೆ. ಮೀನಿನ ಸಂಶೋಧನೆ ಅಂತ ಸಮುದ್ರದಾಚೆಗೆ ಹೋದಾಗಲೇ ನಾನು ಅಂದುಕೊಂಡೆ, ಈ ಮನುಷ್ಯ ಯಾವುದಕ್ಕೂ ಹೆದರುವುದಿಲ್ಲ ಎಂದು. ನಿನ್ನ ನಾಯಿ ಮೊಸರನ್ನ ತಿನ್ನುತ್ತದೆಂದು ತನ್ಮಯಿ ಹೇಳಿದಳು. ಕೇಳಿ ಸ್ವಲ್ಪ ಸಮಾಧಾನವಾಯಿತು.

ಇಲ್ಲಿ ಹೇಮಾವತಿ ತುಂಬಿ ಹರಿಯುತ್ತಿದ್ದಾಳೆ. ಗೊರೂರಿನಲ್ಲಿ ನೀರು ಬಿಟ್ಟಿದ್ದಾರೆ. ಹೊಳೆಯ ಕಡೆ ಹೋದಾಗಲೆಲ್ಲ ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ತಿಥಿ ಲೆಕ್ಕ ಹೇಳಿಕೊಡುತ್ತಿದ್ದದ್ದು ನೆನಪಾಗುತ್ತದೆ. ನಾನು ಈಜಲು ಓಡಿಹೋಗುತ್ತಿದ್ದೆ, ನೀನು ಸ್ಲೇಟು ಹಿಡಿದು ಕೂರುತ್ತಿದ್ದೆ. ಅದರ ಫಲ ಇಬ್ಬರೂ ಉಣ್ಣುತ್ತಿದ್ದೇವೆ. ಸ್ಕೂಲಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಹೇಳಿದೆ, ಇವತ್ತಿಗೂ ಯಾರಾದರೂ ತಿಥಿಯ ಅಂತ್ಯ ಹೇಗೆ ತೆಗೆಯುತ್ತೀರಿ ಅಂದರೆ ಕೆಮ್ಮು ಬರುತ್ತದೆ.

ಹೆಸರಿನ ವಿಷಯ ಬರೆದಿದ್ದೆ. ನಿನ್ನ ಆಸೆ ತಪ್ಪು ಅನ್ನುವುದಿಲ್ಲ. ಆದರೆ ಯುಗಾದಿಯ ಬೆಳಿಗ್ಗೆ ದೇವಸ್ಥಾನದಲ್ಲಿ ಎಲ್ಲರ ಎದುರಿಗೆ ಓದುವ ಪುಸ್ತಕ ಇದು. ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಎಲ್ಲ ಕಡೆಗೂ ಹೋಗುತ್ತದೆ. ಮದುವೆ ಮುಂಜಿ ಗೃಹಪ್ರವೇಶ ಎಲ್ಲ ಇದನ್ನು ನೋಡಿಯೇ ಗೊತ್ತು ಮಾಡುವುದು. ಈಗಿನ ಪರಿಸ್ಥಿತಿಯಲ್ಲಿ ಹೊಸದಾಗಿ ಹೆಸರು ಸೇರಿಸಿದರೆ ಹಿರಿಯರು ಏನಾದರೂ ಅನ್ನಬಹುದು. ಒಂದೆರಡು ವರ್ಷ ಹೋಗಲಿ, ನೋಡೋಣ. ನೀನು ತಿಳಿದವಳು.

ಉಳಿದರ್ಧ ಗಣಿತವನ್ನು ನವೆಂಬರಿನೊಳಗೆ ಕಳಿಸು. ಲಕ್ಕಯ್ಯ ಅವಸರ ಮಾಡುತ್ತಿದ್ದಾರೆ.

ಚಲುವನಾರಾಯಣ


ಫ್ಲಿಕ್-ಆನ್-ಫ್ಲಾಕ್
೧೨ ನವೆಂಬರ್ ೨೦೦೮

ಅಣ್ಣಾ,

ಕಾರ್ತಿಕದಿಂದ ಫಾಲ್ಗುಣದವರೆಗಿನದು ಇವತ್ತು ಕಳಿಸಿದೆ. ಈ ಸಲ ಹತ್ತೇ ದಿನದಲ್ಲಿ ಮುಗಿಸಿದೆ. ಸಿಟ್ಟಿದ್ದಾಗ ನನ್ನ ಕೆಲಸ ಬೇಗ ಆಗುತ್ತದೆ.

ಇಲ್ಲಿ ಒಂದು ವಿಚಿತ್ರ ನಡೆದಿದೆ. ಈಗ ಇಲ್ಲಿ ಶುರುವಾಗುವ ಬೇಸಿಗೆಯ ಬೆಳಕು ಉಳಿಸಬೇಕೆಂದು ಸರ್ಕಾರದವರು ಅಕ್ಟೋಬರ್ ಕೊನೆಯಲ್ಲಿ ಇಡೀ ದ್ವೀಪದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಬಿಟ್ಟರು. ಮಾರ್ಚಿನಲ್ಲಿ ಮತ್ತೆ ಹಿಂದಕ್ಕಂತೆ. ನಾನು ಗೋಡೆ ಗಡಿಯಾರ ತಿದ್ದಿದೆ, ಕೈಗಡಿಯಾರ ತಿದ್ದಿದೆ. ಕಂಪ್ಯೂಟರು ತಾನಾಗಿಯೇ ತಿದ್ದಿಕೊಂಡಿತ್ತು, ಅದರ ಜಾಣತನ ನೋಡಿ ಮೆಚ್ಚಿಕೊಂಡೆ. ಪಕ್ಕದ ಮನೆಯ ಮಾದಾಮ್ ಚರ್ಚಿಗೆ ಒಂದು ಗಂಟೆ ತಡವಾಗಿ ಹೋಗಿ ಬೈಸಿಕೊಂಡು ಬಂದಳು. ರಾಹುಗೆ ಮಾತ್ರ ಸರ್ಕಾರ ಗೊತ್ತಿಲ್ಲ. ಐದಕ್ಕೆ ಬರುತ್ತಿದ್ದವನು ಈಗ ಆರಕ್ಕೆ ಬರುತ್ತಾನೆ. ಸೋಮಾರಿಯಾದೆ ಕಣೋ ಎಂದು ದಿನಾ ಬೈಯುತ್ತೇನೆ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ‘ಈಗಿನ ಪರಿಸ್ಥಿತಿಯಲ್ಲಿ’ ಎಂದು ಬರೆದಿದ್ದೀ. ಮುರಳಿ ಇದ್ದಾಗ ‘ಚಿ. ಸೌ. ವಸಂತಳಿಗೆ’ ಎಂದು ಶುರು ಮಾಡುತ್ತಿದ್ದವನು, ಹೋದ ಮೇಲೆ ಬರೀ ‘ವಸಂತಾ’ ಎಂದು ಶುರು ಮಾಡುತ್ತೀ. ನಾನು ಅದನ್ನು ಪ್ರೀತಿ ಎಂದೇ ಓದಿಕೊಂಡೆ. ಆದರೆ ‘ಪರಿಸ್ಥಿತಿ’ ಅಂದರೆ ಏನು ಅಂತ ನನಗೆ ಗೊತ್ತು. ಗಂಡ ಸತ್ತವಳ ಹೆಸರು ಯುಗಾದಿಯ ಪುಸ್ತಕದಲ್ಲಿ ಬೇಡ ಅಂತ. ಅಷ್ಟನ್ನು ನೇರವಾಗಿ ಬರೆದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಮುರಳಿ ಬದುಕಿದ್ದ ಹತ್ತು ವರ್ಷ ಯಾಕೆ ಹಾಕಲಿಲ್ಲ, ಅದನ್ನೂ ಯೋಚನೆ ಮಾಡು.

ನಾನು ಇಲ್ಲೇ ಯಾಕಿದ್ದೇನೆ ಎಂದು ಕೇಳಿದೆಯಲ್ಲ. ಇಲ್ಲಿ ನಾನು ನಾಯಿ ಹಿಡಿದುಕೊಂಡು ಹೊರಟರೆ ಎದುರು ಬಂದವರು ಯಾರೂ ನಿಂತು ದಾರಿ ಬದಲಿಸುವುದಿಲ್ಲ. ‘ಬೋಂಝೂರ್ ಮಾದಾಮ್’ ಎಂದು ಮೊದಲು ನನಗೆ, ಆಮೇಲೆ ನಾಯಿಗೆ ಹೇಳಿ ಹೋಗುತ್ತಾರೆ. ಹೋದ ವರ್ಷ ಊರಿಗೆ ಬಂದಿದ್ದಾಗ ನೀಲಗಂಗಮ್ಮನವರ ಮೊಮ್ಮಗಳ ಆರತಿಗೆ ನಾನು ಹೋದೆ. ಅವರು ಬಹಳ ಮರ್ಯಾದೆಯಿಂದ ನನ್ನನ್ನು ಅಡಿಗೆಮನೆಯಲ್ಲಿ ಕೂರಿಸಿದರು. ಎರಡು ಸಲ ಕಾಫಿ ಕೊಟ್ಟರು. ನನಗೆ ಆ ಎರಡನೆಯ ಕಾಫಿಯೇ ಮರೆಯುವುದಿಲ್ಲ.

ಹೆಸರು ಹಾಕು ಅಣ್ಣ. ಇನ್ನು ಕೇಳುವುದಿಲ್ಲ.

ವಸಂತ


ಹೊಳೆನರಸೀಪುರ
೨೨ ಫೆಬ್ರವರಿ ೨೦೦೯

ವಸಂತಾ,

ಪಂಚಾಂಗ ಅಚ್ಚಾಯಿತು. ಒಂದು ಪ್ರತಿ ಇದರ ಜೊತೆ ಕಳಿಸಿದ್ದೇನೆ. ಈ ಸಲ ಮುಖಪುಟದ ಹಳದಿ ಚೆನ್ನಾಗಿ ಬಂದಿದೆ. ಕರಡನ್ನು ಹಂಸ ಎರಡು ಸಲ ಓದಿದಳು. ಹಾಸನದ ಅಂಗಡಿಗಳಿಗೆ ಆಗಲೇ ಹೋಗಿದೆ.

ಬೇರೆ ಎಲ್ಲ ಕ್ಷೇಮ. ನನ್ನ ಮಂಡಿನೋವು ಹಾಗೇ ಇದೆ.

ಚಲುವನಾರಾಯಣ


ಫ್ಲಿಕ್-ಆನ್-ಫ್ಲಾಕ್
೧೦ ಮಾರ್ಚ್ ೨೦೦೯

ಅಣ್ಣಾ,

ಪಂಚಾಂಗ ತಲುಪಿತು. ಎಲ್ಲ ಪುಟಗಳನ್ನೂ ನೋಡಿದೆ. ಹಳದಿ ಚೆನ್ನಾಗಿದೆ.

ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು.

ವಸಂತ


ಹೊಳೆನರಸೀಪುರ
೧೪ ಏಪ್ರಿಲ್ ೨೦೦೯

ವಸಂತಾ,

ಒಂದು ತೊಂದರೆಯಾಗಿದೆ. ನಿಧಾನವಾಗಿ ಓದು.

ಹಿರೀಸಾವೆಯ ಕೃಷ್ಣಪ್ಪ ನಿನಗೆ ನೆನಪಿರಬೇಕು. ಹೈವೇಯಲ್ಲಿ ಹೋಟೆಲು ಇಟ್ಟಿದ್ದಾನೆ, ನಾಲ್ಕೆಕರೆ ತೆಂಗಿನ ತೋಟವಿದೆ. ಅವನ ಅಪ್ಪನ ಕಾಲದಿಂದಲೂ ಅವರ ಮನೆಗೆ ನಮ್ಮದೇ ಪಂಚಾಂಗ. ಅವನ ಮಗಳು ಅನುಶ್ರೀಗೆ ಮದುವೆ ಗೊತ್ತಾಗಿದೆ. ಹುಡುಗ ಮಿಲಿಟರಿಯಲ್ಲಿದ್ದಾನೆ, ಡಿಸೆಂಬರಿನಲ್ಲಿ ಮಾತ್ರ ರಜೆ. ಯುಗಾದಿ ಕಳೆದ ಮಾರನೆಯ ದಿನವೇ ಕೃಷ್ಣಪ್ಪ ಬಂದು ಮುಹೂರ್ತ ಕೇಳಿದ. ನಾನು ನಮ್ಮ ಪಂಚಾಂಗ ತೆರೆದು ಮಾರ್ಗಶಿರದಲ್ಲಿ ಒಂದು ಮಖಾ ನಕ್ಷತ್ರದ ದಿನ, ಹತ್ತೂಕಾಲರಿಂದ ಹತ್ತೂಮುಕ್ಕಾಲರೊಳಗೆ ಎಂದು ಬರೆದುಕೊಟ್ಟೆ.

ಮೊನ್ನೆ ಆತ ಎರಡು ಪಂಚಾಂಗ ಕಂಕುಳಲ್ಲಿ ಇಟ್ಟುಕೊಂಡು ಬಂದ. ಒಂದು ನಮ್ಮದು, ಇನ್ನೊಂದು ಬೇರೆ ಊರಿನದು. ಜಗುಲಿಯಲ್ಲಿ ಕೂತು ಎರಡನ್ನೂ ತೆರೆದಿಟ್ಟ.

‘ಸ್ವಾಮೇರ, ನಿಮ್ದ್ರಲ್ಲಿ ಅನ್ನೊಂದ್ ಗಂಟೆವರ್ಗೂ ಮಖೆ ಐತೆ. ಇದ್ರಲ್ಲಿ ಅತ್ ಗಂಟೆಗೇ ಮಖೆ ಮುಗ್ದು ಹುಬ್ಬೆ ನಕ್ಸತ್ರ ಬಂದ್ಬುಟ್ಟೈತೆ. ನಾನ್ ಯಾವ್ದ ನಂಬ್ಲಿ?’

‘ಅದ್ಯಾಕಪ್ಪ ಬೇರೆ ಪಂಚಾಂಗ ತಗೊಂಡೆ?’ ಅಂದೆ. ನನಗೆ ಹೊಳೆದದ್ದು ಅದೊಂದೇ ಮಾತು.

‘ಪಟ್ಣದ್ ಬಸ್‌ಸ್ಟ್ಯಾಂಡ್‌ನಲ್ಲಿ ಸುಮ್ಕೆ ತಕ್ಕಂಡೆ ಕಣ್ ಸ್ವಾಮಿ. ಚತ್ರ ಯೇಳ್ಬುಟ್ಟಿವ್ನಿ, ಅಳಿಯಂಗೆ ರಜಾ ಬರ್ಸ್ಬುಟ್ಟಿವ್ನಿ. ಒಬ್ಳೇ ಮಗ್ಳು. ಹುಬ್ಬೇಲಿ ತಾಳಿ ಕಟ್ಸುದ್ರೆ ನಮ್ಮವ್ವ ನನ್ ಮನೆ ಒಳೀಕ್ ಸೇರ್ಸಾಕಿಲ್ಲ.’

ಹಾಸನಕ್ಕೆ ಹೋಗಿ ಇನ್ನೂ ಮೂರು ಪಂಚಾಂಗ ತಂದು ಹೋಲಿಸಿದೆ. ಚೈತ್ರದಿಂದ ಆಶ್ವಯುಜದವರೆಗೆ ನಮ್ಮದು ಸರಿಯಾಗಿದೆ. ಕಾರ್ತಿಕದಿಂದ ಮುಂದೆ ಪ್ರತಿಯೊಂದು ತಿಥಿ, ಪ್ರತಿಯೊಂದು ನಕ್ಷತ್ರ ಎರಡೂವರೆ ಗಳಿಗೆ ತಡ. ಅಂದರೆ ಒಂದೇ ಒಂದು ಗಂಟೆ, ವಸಂತ, ಎಲ್ಲ ಸಾಲಿನಲ್ಲೂ. ಪುಷ್ಯದ ಸೂರ್ಯಗ್ರಹಣವೂ ಒಂದು ಗಂಟೆ ತಡ. ಸೂರ್ಯನನ್ನು ಯಾರು ಒಪ್ಪಿಸುತ್ತಾರೆ?

ಊರಿನಲ್ಲಿ ಸುದ್ದಿಯಾಗಿದೆ. ಪುರೋಹಿತರು ಇಬ್ಬರು ಬಂದು ಕೇಳಿದರು. ನೀನು ಏನೂ ಹೆದರಬೇಡ. ಗಣಿತ ನಂದೇ, ತಪ್ಪು ನಂದೇ, ವಯಸ್ಸಾಯಿತು ಎಂದು ಹೇಳಿದ್ದೇನೆ. ನಿನ್ನ ಹೆಸರು ಎಲ್ಲಿಯೂ ಬರಲು ಬಿಡಲಿಲ್ಲ.

ಎಲ್ಲಿ ತಪ್ಪಿತು ಎಂದು ಮಾತ್ರ ಬೇಗ ಹುಡುಕು.

ಚಲುವನಾರಾಯಣ


ಫ್ಲಿಕ್-ಆನ್-ಫ್ಲಾಕ್
೨ ಮೇ ೨೦೦೯

ಅಣ್ಣಾ,

ನಿನ್ನ ಕಾಗದದಲ್ಲಿ ‘ಒಂದೇ ಒಂದು ಗಂಟೆ’ ಎಂಬ ಮಾತು ಓದುವಾಗಲೇ ಗೊತ್ತಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಮುರಳಿ ಬರೆದುಕೊಟ್ಟ ಪ್ರೋಗ್ರಾಮು ಈ ಕಂಪ್ಯೂಟರಿನ ಗಡಿಯಾರ ನೋಡಿ ಮಾರಿಷಸ್ಸಿನ ಸಮಯ ಕೊಡುತ್ತದೆ. ನಾನು ಪ್ರತಿ ಸಾಲಿಗೂ ಒಂದೂವರೆ ಗಂಟೆ ಸೇರಿಸಿ ನಮ್ಮೂರಿನ ಸಮಯ ಮಾಡಿ, ಆಮೇಲೆ ಗಳಿಗೆಗೆ ಇಳಿಸುತ್ತೇನೆ. ಹನ್ನೊಂದು ವರ್ಷ ಅದು ಸರಿಯಾಗಿತ್ತು. ಅಕ್ಟೋಬರಿನಲ್ಲಿ ಇವರು ಗಡಿಯಾರ ಮುಂದೆ ಹಾಕಿದರಲ್ಲ, ಕಂಪ್ಯೂಟರೂ ಮುಂದೆ ಹಾಕಿಕೊಂಡಿತು. ಅದು ಒಂದು ಗಂಟೆ ಸೇರಿಸಿ ಕೊಟ್ಟದ್ದಕ್ಕೆ ಅರ್ಧ ಗಂಟೆ ಸೇರಿಸಿದರೆ ಸಾಕಿತ್ತು, ನಾನು ಅಭ್ಯಾಸಬಲದಿಂದ ಮತ್ತೆ ಒಂದೂವರೆ ಸೇರಿಸಿದೆ. ಕಾರ್ತಿಕದಿಂದ ಮುಂದಿನದನ್ನೆಲ್ಲ ಮಾಡಿದ್ದು ಅದೇ ಹತ್ತು ದಿನದಲ್ಲಿ. ನಾಯಿ ಸೂರ್ಯನನ್ನು ನೋಡಿ ಎದ್ದು ಬರುತ್ತಿತ್ತು. ಪಂಚಾಂಗದವಳು ಗಡಿಯಾರ ನೋಡಿ ಅದಕ್ಕೆ ಸೋಮಾರಿ ಎಂದು ಬೈಯುತ್ತಿದ್ದಳು. ಅಪ್ಪ ಇದ್ದಿದ್ದರೆ ಸ್ಲೇಟಿನಲ್ಲೇ ತಲೆಗೆ ಕುಟ್ಟುತ್ತಿದ್ದರು.

ಐದು ತಿಂಗಳ ಗಣಿತವನ್ನು ಮತ್ತೆ ಮಾಡಿದ್ದೇನೆ. ಮೊದಲು ಕಂಪ್ಯೂಟರಿನಲ್ಲಿ, ಆಮೇಲೆ ಅಪ್ಪನ ಕೋಷ್ಟಕದ ನನ್ನ ನಕಲು ಇಟ್ಟುಕೊಂಡು ಕೈಯಲ್ಲಿ. ಎರಡೂ ಕೂಡಿವೆ. ಬಹಳ ದಿನಗಳಿಗೆ ಎರಡೂವರೆ ಗಳಿಗೆ ಕಳೆದರೆ ಸಾಕು, ಏಳು ದಿನಕ್ಕೆ ಮಾತ್ರ ತಿಥಿಯೇ ಬದಲಾಗುತ್ತದೆ. ಅದರ ಪಟ್ಟಿಯನ್ನು ಮೇಲೆಯೇ ಇಟ್ಟಿದ್ದೇನೆ. ಕೃಷ್ಣಪ್ಪನವರಿಗೆ ನಾನು ಎಷ್ಟು ನೊಂದುಕೊಂಡಿದ್ದೇನೆಂದು ಹೇಗೆ ಹೇಳಲಿ? ಒಬ್ಬಳೇ ಮಗಳು.

ಈಗ ನಿನ್ನ ವಿಷಯ. ‘ನಿನ್ನ ಹೆಸರು ಎಲ್ಲಿಯೂ ಬರಲು ಬಿಡಲಿಲ್ಲ’ ಎಂದು ಬರೆದಿದ್ದೀ. ನನ್ನನ್ನು ಕಾಪಾಡಲೆಂದೇ ಹಾಗೆ ಮಾಡಿದೆ ಅಂತ ಗೊತ್ತು. ನೀನು ಒಳ್ಳೆಯವನು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಹನ್ನೊಂದು ವರ್ಷ ಸರಿಯಾಗಿ ಬಂದದ್ದೆಲ್ಲ ನಿನ್ನದಾಯಿತು. ಇದೊಂದು ತಪ್ಪನ್ನಾದರೂ ನನಗೆ ಬಿಡು. ಅದನ್ನೂ ನೀನೇ ತೆಗೆದುಕೊಂಡರೆ ನಾನು ಈ ಪಂಚಾಂಗದಲ್ಲಿ ಇರಲೇ ಇಲ್ಲ ಎಂದಾಗುತ್ತದೆ.

ತಿದ್ದುಪಡಿ ಚೀಟಿ ಅಚ್ಚು ಹಾಕಿಸಲೇಬೇಕು. ಅದರಲ್ಲಿ ಗಣಿತ ಯಾರದು, ತಪ್ಪು ಯಾರದು ಎಂದು ಇರಲಿ. ಆಗುವುದಿಲ್ಲ ಎಂದಾದರೆ ಮುಂದಿನ ವರ್ಷದ ಗಣಿತಕ್ಕೆ ಬೇರೆಯವರನ್ನು ನೋಡಿಕೋ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ.

ವಸಂತ


ಹೊಳೆನರಸೀಪುರ
೧ ಜೂನ್ ೨೦೦೯

ಪ್ರೀತಿಯ ವಸಂತ,

ನಾನು ಕಾಗದ ಬರೆಯುವವಳಲ್ಲ, ನಿನಗೆ ಗೊತ್ತು. ನಿಮ್ಮಣ್ಣ ಬರೆಯುತ್ತಿಲ್ಲ, ಅದಕ್ಕೆ ನಾನು ಕೂತಿದ್ದೇನೆ.

ನಿನ್ನ ಕಾಗದ ಬಂದು ಎರಡು ವಾರವಾಯಿತು. ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾರೆ. ಒಗೆಯುವಾಗ ಎರಡು ಸಲ ತೆಗೆದು ಕೊಟ್ಟಿದ್ದೇನೆ. ಚೀಟಿಯ ವಾಕ್ಯ ಬರೆಯುತ್ತಾರೆ, ಹರಿಯುತ್ತಾರೆ. ಒಂದು ದಿನ ಮಾವನವರ ಕೋಷ್ಟಕ ಹಾಸಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ತಿಥಿ ತೆಗೆಯಲು ನೋಡಿದರು. ಕಾರ್ತಿಕದ ಬಿದಿಗೆ, ಒಂದೇ ಒಂದು. ಬರಲಿಲ್ಲ. ‘ಹಂಸ, ಇದನ್ನ ಅವಳು ವರ್ಷಕ್ಕೆ ಮುನ್ನೂರ ಅರವತ್ತು ಸಲ ಮಾಡ್ತಾಳಲ್ಲೇ’ ಅಂದರು. ‘ಹನ್ನೆರಡು ವರ್ಷದಿಂದ ಮಾಡ್ತಾ ಇದಾಳೆ, ನಿಮಗೆ ಇವತ್ತು ಗೊತ್ತಾಯ್ತಾ?’ ಅಂದೆ. ಊಟ ಬಿಟ್ಟು ಎದ್ದುಹೋದರು. ಆಮೇಲೆ ಬಂದು ಮಾಡಿದರು, ಮಜ್ಜಿಗೆಹುಳಿ ಇತ್ತು.

ನನ್ನದೂ ತಪ್ಪಿದೆ. ನೀಲಗಂಗಮ್ಮನವರ ಮನೆಯಲ್ಲಿ ನಿನ್ನನ್ನು ಒಳಗೆ ಕೂರಿಸಿದಾಗ ನಾನು ನಡುಮನೆಯಲ್ಲಿ ಆರತಿ ಹಿಡಿದು ನಿಂತಿದ್ದೆ. ಅಲ್ಲಿಂದ ನೀನು ಕಾಣುತ್ತಿದ್ದೆ. ನಾನು ಬೇರೆ ಕಡೆ ನೋಡಿದೆ.

ಕರಡು ಓದಿದವಳು ನಾನು. ಚೀಟಿಯ ಕರಡನ್ನೂ ನಾನೇ ಓದುತ್ತೇನೆ. ನಿನ್ನ ಹೆಸರು ಇಲ್ಲದ ಕರಡಿಗೆ ಸಹಿ ಹಾಕುವುದಿಲ್ಲ ಎಂದು ಹೇಳಿದ್ದೇನೆ.

ನಿನ್ನ ಅತ್ತಿಗೆ
ಹಂಸ


ಹೊಳೆನರಸೀಪುರ
೨೬ ಜುಲೈ ೨೦೦೯

ವಸಂತಾ,

ಚೀಟಿ ಕಳಿಸಿದ್ದೇನೆ, ಮೊದಲು ಅದನ್ನು ಓದು. ಅಂಚೆಯಲ್ಲಿ ಮಡಿಕೆಯಾಗಿದ್ದರೆ ಎಂದು ಇಲ್ಲಿಯೂ ಬರೆಯುತ್ತೇನೆ.

‘ತಿದ್ದುಪಡಿ. ಕಾರ್ತಿಕ ಮಾಸದಿಂದ ಫಾಲ್ಗುಣ ಮಾಸದವರೆಗೆ ಕೊಟ್ಟಿರುವ ಎಲ್ಲ ಅಂತ್ಯಕಾಲಗಳಲ್ಲಿ ಎರಡೂವರೆ ಗಳಿಗೆ ಕಳೆದು ಓದಿಕೊ‌ಳ್ಳತಕ್ಕದ್ದು. ತಿಥಿ ಬದಲಾಗುವ ಏಳು ದಿನಗಳ ಪಟ್ಟಿ ಹಿಂಬದಿಯಲ್ಲಿದೆ. ಹನ್ನೆರಡು ವರ್ಷಗಳಿಂದ ಈ ಪಂಚಾಂಗದ ಗಣಿತ ಮಾಡುತ್ತಿರುವವರು ಶ್ರೀಮತಿ ವಸಂತ ಮುರಳೀಕೃಷ್ಣ. ಈ ತಪ್ಪು ಅವರದು. ಇಷ್ಟು ವರ್ಷ ತಪ್ಪಿಲ್ಲದಿದ್ದುದೂ ಅವರದೇ. ಅವರ ಹೆಸರನ್ನು ಹಾಕದಿದ್ದ ತಪ್ಪು ನನ್ನದು. ಚಲುವನಾರಾಯಣ, ಪ್ರಕಾಶಕ.’

ಕೊನೆಯ ಎರಡು ವಾಕ್ಯವನ್ನು ಲಕ್ಕಯ್ಯ ಬೇಡ ಅಂದರು, ಜಾಗವಿಲ್ಲ ಎಂದು. ಅಕ್ಷರ ಸಣ್ಣದು ಮಾಡಿ ಹಾಕಿ ಅಂದೆ.

ಆಷಾಢದಲ್ಲಿ ಮದುವೆ ಮುಂಜಿ ಏನೂ ಇಲ್ಲ, ನನಗೂ ಕೆಲಸವಿರಲಿಲ್ಲ. ಗೋಂದಿನ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಹಾಸನ, ಅರಕಲಗೂಡು, ಗೊರೂರು, ಚನ್ನರಾಯಪಟ್ಟಣ. ಅಂಗಡಿಗಳಲ್ಲಿ ಉಳಿದದ್ದಕ್ಕೆಲ್ಲ ಅಂಟಿಸಿದೆ, ಕೊಂಡವರ ಮನೆ ತಿಳಿದಿದ್ದರೆ ಮನೆಗೂ ಹೋದೆ. ಕೆಲವರು ಓದಿ ಪುಸ್ತಕ ಮುಚ್ಚಿಟ್ಟರು. ಅರಕಲಗೂಡಿನಲ್ಲಿ ಒಬ್ಬ ಹಿರಿಯರು ‘ಇದು ಶುಭವಲ್ಲ, ಚಲುವ’ ಅಂದರು. ಹನ್ನೆರಡು ವರ್ಷ ನೀವು ಶುಭ ಮಾಡಿದ್ದು ಇದರಿಂದಲೇ ಅಲ್ಲವೇ ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಅವರು ಕಾಫಿ ಕೊಡಲಿಲ್ಲ.

ಕೊನೆಗೆ ಹಿರೀಸಾವೆಗೆ ಹೋದೆ. ಅಲ್ಲಿಗೆ ಹೋಗಲು ನನಗೆ ಹೆದರಿಕೆಯಿತ್ತು. ಕೃಷ್ಣಪ್ಪ ಗಲ್ಲಾದಲ್ಲಿದ್ದ. ಅವನ ತಾಯಿ ನಂಜಮ್ಮ ಒಳಗೆ ಮುದ್ದೆ ಕಟ್ಟುತ್ತಿದ್ದವರು ಕೈ ತೊಳೆದುಕೊಂಡು ಬಂದರು. ಎಪ್ಪತ್ತೈದಾದರೂ ಆಗಿರಬೇಕು. ಕೃಷ್ಣಪ್ಪ ಚೀಟಿಯನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದ.

‘ಲೆಕ್ಕ ಆಕೋರು ನಿಮ್ ತಂಗ್ಯವ್ವಾರಾ? ಇಷ್ಟ್ ದಿನ ಯಾಕ್ ಸ್ವಾಮಿ ಯೇಳ್ನಿಲ್ಲ?’ ಅಂದ.

‘ಅವಳ ಯಜಮಾನರು ತೀರಿಕೊಂಡು ಮೂರು ವರ್ಷವಾಯಿತಪ್ಪ’ ಅಂದೆ. ಅದೇ ಉತ್ತರ ಅನ್ನುವ ಹಾಗೆ ಹೇಳಿದೆ.

ನಂಜಮ್ಮ ನನ್ನನ್ನೇ ನೋಡಿದರು. ‘ನನ್ ಗಂಡ ಸತ್ತು ಮೂವತ್ ವರ್ಸ ಆಯ್ತು ಸ್ವಾಮಿ. ಈ ಓಟ್ಲು, ಆ ತ್ವಾಟ, ಇವ್ನ್ ಮದ್ವೆ, ಇವ್ನ್ ತಂಗೀರ್ ಮದ್ವೆ, ಯಾವ್ದು ನಾನಿಲ್ದೆ ಆಗೈತೆ ಯೇಳಿ ನೋಡಾನ. ನೀವೇ ಬಂದ್ ಮಂತ್ರ ಯೇಳಿದ್ರಲ್ಲ.’

ಹೌದು, ನಾನೇ ಹೋಗಿ ಹೇಳಿದ್ದೆ. ಆಕೆ ಎದುರಿಗೇ ನಿಂತಿದ್ದರು. ನನಗೆ ಆಗ ಏನೂ ಅನ್ನಿಸಿರಲಿಲ್ಲ. ನನ್ನ ತಂಗಿಯ ವಿಷಯಕ್ಕೆ ಮಾತ್ರ ಅನ್ನಿಸಿತ್ತು.

ಆಮೇಲೆ ನಂಜಮ್ಮ ಮಗನ ಕಡೆ ತಿರುಗಿ, ‘ಮೂರ್ತ ಆವಮ್ಮನ್ ಕೈಲೇ ಮಡುಗ್ಸ್ಲಾ. ಒಂದ್ಸಲ ತಪ್ಪಿರೋರು ಇನ್ನೊಂದ್ಸಲ ನಾಕ್ ದಪ ನೋಡ್ತಾರೆ. ಬಂದು ಮುಂದ್ಗಡೆ ನಿಂತ್ಕಂಡು ಗಳ್ಗೇನೂ ಆವಮ್ಮನೇ ಯೇಳ್ಲಿ. ಪತ್ರ ಬರ್ಯಾಕ್ ಯೇಳಿ ಸ್ವಾಮಿ’ ಅಂದರು.

ತಾಳಿ ಕಟ್ಟುವ ಹೊತ್ತಿಗೆ ಗಳಿಗೆ ಬಂತು ಎಂದು ಕೂಗುವುದು ನನ್ನ ಕೆಲಸ, ಅಪ್ಪನ ಕೆಲಸ. ಆ ಕೆಲಸಕ್ಕೆ ನಿನ್ನನ್ನು ಕರೆದಿದ್ದಾರೆ. ಹುಡುಗನ ರಜೆ ಡಿಸೆಂಬರ್ ಮೂರರಿಂದ ಹದಿನೈದು. ಛತ್ರ ಎಂಟರಂದು ಮಾತ್ರ ಸಿಕ್ಕಿದೆ. ಅಷ್ಟರಲ್ಲೇ ಹುಡುಕಬೇಕು.

ನಾಯಿಯನ್ನು ಬಿಟ್ಟು ಬರುವ ಹಾಗಿಲ್ಲ ಎಂದು ಬರೆದಿದ್ದೆ, ಮರೆತಿಲ್ಲ. ಬಲವಂತವಿಲ್ಲ. ಅವರ ವಿಳಾಸ ಕೆಳಗಿದೆ, ನೀನೇ ನೇರವಾಗಿ ಬರೆ.

ನಿನ್ನ ಅಣ್ಣ
ಚಲುವನಾರಾಯಣ


ಫ್ಲಿಕ್-ಆನ್-ಫ್ಲಾಕ್, ಮಾರಿಷಸ್
೧೫ ಆಗಸ್ಟ್ ೨೦೦೯

ಹಿರೀಸಾವೆಯ ಶ್ರೀ ಕೃಷ್ಣಪ್ಪನವರಿಗೂ ತಾಯಿ ನಂಜಮ್ಮನವರಿಗೂ ವಸಂತಳ ನಮಸ್ಕಾರಗಳು.

ನನ್ನ ತಪ್ಪಿನಿಂದ ನಿಮಗೆ ಆದ ಗಾಬರಿಗೆ ಕ್ಷಮೆ ಕೇಳುತ್ತೇನೆ. ಹೀಗಾಗಿದ್ದು ಇಲ್ಲಿನ ಗಡಿಯಾರದಿಂದ, ಆದರೆ ಗಡಿಯಾರವನ್ನು ನಂಬಿದವಳು ನಾನು.

ದಿನ ಬದಲಾಯಿಸಬೇಕಾಗಿಲ್ಲ. ಛತ್ರ ಸಿಕ್ಕಿರುವ ಎಂಟನೇ ತಾರೀಖಿನಂದೇ ಮುಹೂರ್ತ ಸಿಗುತ್ತದೆ, ಸ್ವಲ್ಪ ಬೇಗ ಏಳಬೇಕು ಅಷ್ಟೆ. ಬೆಳಿಗ್ಗೆ ಎಂಟೂ ಹತ್ತರಿಂದ ಎಂಟೂ ಐವತ್ತರವರೆಗೆ. ಆಗ ಮಖೆ ಇರುತ್ತದೆ, ಹುಬ್ಬೆಗೆ ಇನ್ನೂ ಒಂದು ಗಂಟೆಗಿಂತ ಹೆಚ್ಚು ಹೊತ್ತಿದೆ. ಕಂಪ್ಯೂಟರಿನಲ್ಲಿ ಒಂದು ಸಲ, ಕೈಯಲ್ಲಿ ಮೂರು ಸಲ ನೋಡಿದ್ದೇನೆ. ಲೆಕ್ಕದ ಹಾಳೆಯನ್ನೂ ಇದರ ಜೊತೆ ಇಟ್ಟಿದ್ದೇನೆ, ಅನುಶ್ರೀ ಓದಿದವಳು, ಬೇಕಾದರೆ ಕೂಡಿ ನೋಡಲಿ.

ನಾನು ಬರುತ್ತೇನೆ. ನವೆಂಬರ್ ಇಪ್ಪತ್ತಕ್ಕೆ ಟಿಕೆಟ್ ತೆಗೆಸಿದ್ದೇನೆ. ಇಲ್ಲಿ ನನ್ನದೊಂದು ಮುದಿ ನಾಯಿಯಿದೆ, ಅದನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ. ಅವರು ಮೊದಲಿನಿಂದಲೂ ನೋಡಿಕೊಳ್ಳುತ್ತೇವೆ ಅನ್ನುತ್ತಲೇ ಇದ್ದರು. ನಮ್ಮಣ್ಣನಿಗೆ ಇದನ್ನು ನಾನು ಹೇಳಿರಲಿಲ್ಲ, ನೀವು ಹೇಳಿದರೂ ಅಡ್ಡಿಯಿಲ್ಲ.

ಗಳಿಗೆಯನ್ನು ಮುಂದೆ ನಿಂತು ನಾನೇ ಹೇಳಬೇಕೆಂದು ನಂಜಮ್ಮನವರು ಅಂದರಂತೆ. ಆ ಮಾತು ಓದಿ ನಾನು ಬಹಳ ಹೊತ್ತು ಅತ್ತೆ. ಗಂಡಿನ ಕಡೆಯವರನ್ನೂ ಒಂದು ಮಾತು ಕೇಳಿ. ಅವರಲ್ಲಿ ಯಾರಾದರೂ ಬೇಡ ಅಂದರೆ ಸಂಕೋಚಪಡಬೇಡಿ, ನಾನು ಅಡಿಗೆಮನೆಯಲ್ಲಿ ನಂಜಮ್ಮನವರ ಪಕ್ಕ ಕೂತಿರುತ್ತೇನೆ. ಗಳಿಗೆ ಬಂದಾಗ ಅಲ್ಲಿಂದಲೇ ಕೂಗುತ್ತೇನೆ. ಕಾಲೇಜಿನಲ್ಲಿ ಪಾಠ ಮಾಡಿದ ಗಂಟಲು, ಹಸೆಮಣೆಯವರೆಗೂ ಕೇಳಿಸುತ್ತದೆ.

ಇತಿ,
ಗಣಿತ ಮಾಡಿದವಳು
ವಸಂತ ಮುರಳೀಕೃಷ್ಣ